ನನ್ನ ಫೋನಿನ ಹಸಿರು

ಆ ಫೋಟೋದಲ್ಲಿದ್ದ ಹಸಿರು ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದೆ.

ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ — ಹಿಂದೆ ಸರಿಯಲು ದಾರಿ ಉಳಿದರೆ ನಾನು ಸರಿಯುತ್ತೇನೆ, ನನ್ನನ್ನು ನಾನು ಅಷ್ಟರಮಟ್ಟಿಗೆ ಬಲ್ಲೆ. ಈ ವಾರಪತ್ರಿಕೆಯ ಇದೇ ಪುಟದಲ್ಲಿ ನೀವು ನನ್ನನ್ನು ಓದುತ್ತ ಬಂದಿದ್ದೀರಿ. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ನೀರು ಕಾಲುವೆಯ ಕೊನೆಯ ಹೊಲಗಳಿಗೆ ಏಕೆ ತಲುಪುವುದಿಲ್ಲ, ಹೊಣೆ ಯಾರದು, ಎದುರಿಗೆ ಬಂದು ಉತ್ತರಿಸಿ ಎಂದು ಬರೆದವಳು ನಾನು. ಹೊಣೆ ಎಂಬ ಶಬ್ದವನ್ನು ಎಷ್ಟು ಸಲ ಬಳಸಿದ್ದೇನೆಂದರೆ, ಬೈಲಹೊಂಗಲದಲ್ಲಿರುವ ನಮ್ಮ ಸಂಪಾದಕರು ಒಮ್ಮೆ ನಕ್ಕು, "ಆ ಶಬ್ದ ಬಿಟ್ಟು ಒಂದ ಸಲ ಬರೀರಿ ನೋಡೋಣು" ಎಂದಿದ್ದರು. ಈ ಸಲವೂ ಬಿಡಲಾಗುತ್ತಿಲ್ಲ. ಈ ಸಲ ಉತ್ತರಿಸಬೇಕಾದವಳು ನಾನು.

ಅನ್ಯಾಯವಾದದ್ದು ನಂದಾಗೆ. ಪೂರ್ಣ ಹೆಸರು ಮಹಾನಂದಾ. ನಾವಿಬ್ಬರೂ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯವರು. ನಮ್ಮದು ತಲೆಮಾರುಗಳಿಂದ ಹೊಲವುಳ್ಳ ಮನೆತನ. ಅವಳ ಅಜ್ಜ ಆ ಹೊಲಗಳಲ್ಲಿ ದುಡಿದವರು. ಅವಳ ತಂದೆಯ ಕಾಲಕ್ಕೆ ಆ ಕುಟುಂಬ ಬೌದ್ಧ ಧರ್ಮವನ್ನು ಸ್ವೀಕರಿಸಿತು, ಊರು ಬಿಟ್ಟು ರಾಮದುರ್ಗ ಪೇಟೆಗೆ ಹೋಗಿ ನೆಲೆಸಿತು. ನಾನೂ ನಂದಾನೂ ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ನಾನು ಸಮಾನತೆಯ ಬಗ್ಗೆ ಭಾಷಣ ಮಾಡಿ ಬರುತ್ತಿದ್ದೆ, ಅವಳು ಹಾಸಿಗೆಯ ಮೇಲೆ ಕಾಲು ಮಡಚಿ ಕೂತು, "ಚಪ್ಪಾಳಿ ಜೋರ ಬಿದ್ವೇನಲೇ?" ಎಂದು ಕೇಳುತ್ತಿದ್ದಳು. ಚಪ್ಪಾಳೆ ಜೋರಾಗಿಯೇ ಬಿದ್ದಿರುತ್ತಿತ್ತು. ಅದು ಅವಳಿಗೆ ಹೇಗೆ ತಿಳಿಯುತ್ತಿತ್ತೋ —

ಓದು ಮುಗಿದ ಮೇಲೆ ನಾನು ಅತಿಥಿ ಉಪನ್ಯಾಸಕಿಯಾದೆ, ಎಂದರೆ ಪ್ರತಿವರ್ಷ ಹೊಸದಾಗಿ ಅರ್ಜಿ ಹಾಕುವವಳಾದೆ. ನಂದಾ ಕಾಯಲಿಲ್ಲ. ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆಸೂಜಿಯಿಂದ ಜರಿಯನ್ನೂ ಮಣಿಯನ್ನೂ ಹೊಲಿಯುವ ಆರಿ ವರ್ಕ್ ಕಲಿತಳು. ಮದುವೆ ಹೆಣ್ಣುಮಕ್ಕಳ ಕುಪ್ಪಸ ಹೊಲಿದು ಅದರ ವಿಡಿಯೊ ಹಾಕತೊಡಗಿದಳು. ಕಿತ್ತೂರು, ಸವದತ್ತಿ, ಬೈಲಹೊಂಗಲ — ಎಲ್ಲ ಕಡೆಯಿಂದ ಹೆಣ್ಣುಮಕ್ಕಳು ತಮ್ಮ ಸೀರೆಯ ಫೋಟೋ ಕಳಿಸುತ್ತಿದ್ದರು. ಅವಳು ಆ ಬಣ್ಣಕ್ಕೆ ಬಟ್ಟೆ, ದಾರ ಹೊಂದಿಸಿ, ಹೊಲಿದು ಪಾರ್ಸೆಲ್ ಮಾಡುತ್ತಿದ್ದಳು.

ಒಂದು ದಿನ ಅವಳು ಹೊಸ ಫೋನು ಹಿಡಿದು ನಮ್ಮ ಮನೆಗೆ ಬಂದಳು. ಯಾರು ಕಂಡರೂ ಬೆಲೆ ಊಹಿಸಬಲ್ಲಂಥ ಫೋನು. ಅದನ್ನು ಬೋರಲು ಇಟ್ಟಳು, ಹಿಂಬದಿಯ ಮೂರು ಕ್ಯಾಮೆರಾ ಕಣ್ಣು ಎಲ್ಲರಿಗೂ ಕಾಣುವಂತೆ. ಬೇಕೆಂದೇ ಹಾಗಿಟ್ಟಳು, ಅವಳಿಗೆ ಸ್ವಲ್ಪ ಮೆರೆಯುವ ಚಟವಿತ್ತು, ಅದನ್ನು ಅವಳೂ ಅಲ್ಲಗಳೆಯುವುದಿಲ್ಲ. ನಮ್ಮ ಕಾಕಾ ಎತ್ತಿ ತಿರುಗಿಸಿ ನೋಡಿ, "ಚಾರ್ಜರ್ ಎಲ್ಲೈತಿ ಇದರದು?" ಎಂದರು.

"ಡಬ್ಬಿಯೊಳಗ ಬರಂಗಿಲ್ಲರಿ ಕಾಕಾ, ಬ್ಯಾರೆ ತಗೋಬೇಕು."

"ಟ್ರ್ಯಾಕ್ಟರ್ ಮಾರಿ, ಚಾವಿಗೆ ಬ್ಯಾರೆ ರೊಕ್ಕಾ ಕೊಡ್ರಿ ಅಂದಂಗಾತಲ್ಲವಾ ಇದು!"

ಎಲ್ಲರಿಗಿಂತ ಜೋರಾಗಿ ನಕ್ಕವಳು ನಂದಾ. ಆಮೇಲೆ ಕಾಕಾನ ಧೋತರದ ಅಂಚಿನ ಒಂದು ಫೋಟೋ ತೆಗೆದು, ದೊಡ್ಡದು ಮಾಡಿ ತೋರಿಸಿದಳು. ಎಳೆ ಎಳೆ ಕಾಣುತ್ತಿತ್ತು; ಕಪ್ಪು ಎಂದು ನಾವೆಲ್ಲ ತಿಳಿದಿದ್ದ ಅಂಚು ದಟ್ಟ ಕಂದು ಬಣ್ಣದ್ದಾಗಿತ್ತು. ನಾನೂ ನನ್ನ ಫೋನಿನಲ್ಲಿ ತೆಗೆದೆ. ನನ್ನದರಲ್ಲಿ ಅಂಚು ಮಸಿ ಬಳಿದಂತೆ ಕಂಡಿತು. ನಂದಾ ನನ್ನ ಭುಜ ತಟ್ಟಿ, "ನಿಂದೂ ಛಲೋ ಐತಿ ಬಿಡಲೇ. ಮಾತಾಡಾಕ ಸಾಕು" ಎಂದಳು.

ಮಾತಾಡಲು ಸಾಕು. ಅವಳು ಸಮಾಧಾನಕ್ಕೆಂದು ಹೇಳಿದ್ದು. ನನಗೆ ಅದು ಎಲ್ಲಿ ತಗುಲಿತು ಎಂಬುದನ್ನು ಬರೆಯಬೇಕು — ಬರೆಯದಿದ್ದರೆ ಈ ನಿವೇದನೆಗೆ ಅರ್ಥವಿಲ್ಲ. ನನ್ನ ಚಿಕ್ಕಪ್ಪನ ಮಗ ಅದಕ್ಕಿಂತ ದುಬಾರಿ ಫೋನು ಇಟ್ಟಿದ್ದಾನೆ. ಅದನ್ನು ಕಂಡು ನನಗೆ ಎಂದೂ ಏನೂ ಅನ್ನಿಸಿರಲಿಲ್ಲ. ನಂದಾಳ ಕೈಯಲ್ಲಿ ಅದೇ ವಸ್ತುವನ್ನು ಕಂಡಾಗ ಮಾತ್ರ, ಯಾರೋ ನನ್ನ ಪಾಲಿನದನ್ನು ಎತ್ತಿಕೊಂಡರೆಂಬ ಭಾವ. ನನ್ನ ಪಾಲು ಎಂದರೆ ಏನು? ಅವಳಿಗಿಂತ ಒಂದು ಮೆಟ್ಟಿಲು ಮೇಲಿರುವುದು — ಅದನ್ನೇ ನಾನು ನನ್ನ ಪಾಲೆಂದು ತಿಳಿದಿದ್ದೆನೇ? ವೇದಿಕೆಯ ಮೇಲೆ ಸಮಾನತೆ ಬೇಡಿದವಳಿಗೆ, ಸಮಾನತೆ ಎದುರು ಬಂದು ಕೂತಾಗ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರಿಲ್ಲ. ಅಸೂಯೆ.

ಅಂದಿನಿಂದ ನಾನು ಒಂದು ವಿಚಿತ್ರ ಅಭ್ಯಾಸಕ್ಕೆ ಬಿದ್ದೆ. ದುಬಾರಿ ಫೋನನ್ನೂ ಅಗ್ಗದ ಫೋನನ್ನೂ ಹೋಲಿಸುವ ವಿಡಿಯೊಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದೆ. ಅವಳ ಫೋನು ಬೇಗ ಬಿಸಿಯಾಗುತ್ತದೆಂದು ಯಾರಾದರೂ ಹೇಳಿದರೆ, ಅದರ ಬ್ಯಾಟರಿ ನನ್ನದಕ್ಕಿಂತ ಮೊದಲು ಮುಗಿಯಿತೆಂದರೆ, ನನಗೆ ಸಣ್ಣದೊಂದು ಸುಖ. ಅವಳು ಕನ್ನಡಿಯ ಮುಂದೆ ನಿಂತು ತೆಗೆದ ಫೋಟೋ ಹಾಕಿದರೆ, ನಾನು ಕುಪ್ಪಸ ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ಕಾಣುವ ಫೋನನ್ನೇ ನೋಡುತ್ತಿದ್ದೆ.

ಆ ಸುಖದಿಂದಲೇ ಒಂದು ಅಂಕಣ ಹುಟ್ಟಿತು. ನೀವು ಓದಿರಬಹುದು, ಮೆಚ್ಚಿ ಫೋನು ಮಾಡಿದವರೂ ಇದ್ದೀರಿ. ಕರೆ, ಸಂದೇಶ, ಪಾಠದ ವಿಡಿಯೊ, ಹಣದ ಪಾವತಿ — ಇವಿಷ್ಟನ್ನೂ ಮಾಡುವ ಫೋನು ಕಡಿಮೆ ಬೆಲೆಗೆ ಸಿಗುವಾಗ, ನಾಲ್ಕೈದು ಪಟ್ಟು ಕೊಟ್ಟು ಕೊಳ್ಳುವುದೇನನ್ನು? ಕಂಪನಿಗಳು ನಮಗೆ ಮಾರುತ್ತಿರುವುದು ಯಂತ್ರವನ್ನೋ ನೆರೆಯವರ ಕಣ್ಣನ್ನೋ? ಇಂಥ ಮಾತುಗಳು. ಅದರಲ್ಲಿನ ಬಹುಪಾಲು ವಾದವನ್ನು ನಾನು ಇಂದಿಗೂ ಒಪ್ಪುತ್ತೇನೆ. ನನ್ನಂಥ ಓದುವ, ಬರೆಯುವ, ಪಾಠ ಮಾಡುವ ಜನಕ್ಕೆ ಅಗ್ಗದ ಫೋನು ನಿಜವಾಗಿ ಸಾಕು. ಆದರೆ ಯಾರಿಗೆ, ಯಾವ ಕೆಲಸಕ್ಕೆ ಎಂಬ ಪ್ರಶ್ನೆಯನ್ನು ನಾನು ಬೇಕೆಂದೇ ಕೇಳಿಕೊಳ್ಳಲಿಲ್ಲ; ಕೇಳಿದ್ದರೆ ಉತ್ತರ ನನ್ನ ಎದುರಿಗೇ ಇತ್ತು. ದೂರದ ಸೀರೆಯೊಂದರ ಬಣ್ಣವನ್ನು ಫೋಟೋದಿಂದಲೇ ಹಿಡಿಯಬೇಕಾದವಳಿಗೆ ಅದು ಕೈಯ ಉಪಕರಣ, ಸೂಜಿಯ ಹಾಗೆ. ನಾನು ಅದನ್ನು ಬಿಟ್ಟು, "ನನ್ನ ಪರಿಚಯದ ಒಬ್ಬ ಹೆಣ್ಣುಮಗಳು ಸಾಲ ಮಾಡಿ ಅಂಥ ಫೋನು ಕೊಂಡು ಬೋರಲು ಇಟ್ಟು ಮೆರೆಯುತ್ತಾಳೆ" ಎಂದು ಒಂದು ಸಾಲು ಸೇರಿಸಿದೆ. ಅವಳು ಸಾಲ ಮಾಡಿದ್ದಳೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ.

ಪತ್ರಿಕೆ ಬಂದ ದಿನ ನಂದಾ ಫೋನು ಮಾಡಿದಳು. "ಆ ಒಬ್ಬ ಹೆಣ್ಮಗಳು ನಾನ ಏನಲೇ?"

"ಛೇ, ನಿನ್ನ ಬಗ್ಗೆ ಯಾಕ ಬರೀಲಿ ನಾ?"

"ಅಲ್ಲಂದ್ರ ಛಲೋ. ಅಕಿಗೆ ಸಿಕ್ಕರ ಹೇಳು — ಮೆರೀತಾಳ ಖರೆ, ದುಡದ ಮೆರೀತಾಳಂತ."

ನಗುತ್ತಲೇ ಇಟ್ಟಳು. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಅವಳು ನೊಂದುಕೊಳ್ಳಲಿಲ್ಲವಲ್ಲ ಎಂಬ ನಿರಾಸೆಯಾಯಿತು.

ಅದೇ ದಿನಗಳಲ್ಲಿ ನನ್ನ ಅಣ್ಣನ ಹೆಂಡತಿ — ನಮ್ಮ ಕಡೆ ವೈನಿ ಎನ್ನುತ್ತೇವೆ — ಚೊಚ್ಚಲ ಬಸುರಿ. ಅವರ ಕುಬಸ ಗೊತ್ತಾಯಿತು: ಬಸುರಿಗೆ ಹಸಿರು ಸೀರೆ, ಹಸಿರು ಕುಪ್ಪಸ, ಹಸಿರು ಬಳೆ ತೊಡಿಸಿ ಉಡಿ ತುಂಬುವ ದಿನ. ಸೀರೆ ತವರುಮನೆ ಕಿತ್ತೂರಿನಿಂದ ಮೊದಲೇ ಬಂತು. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಹಾಗೆ ಬಂದ ಸೀರೆಯನ್ನು ದೇವರ ಮುಂದೆ ಇಡುತ್ತಾರೆ, ಬಸುರಿ ಅದನ್ನು ಉಡುವವರೆಗೆ ಹೊಸ್ತಿಲು ದಾಟಿಸುವುದಿಲ್ಲ. ಕುಪ್ಪಸ ನಂದಾಳೇ ಹೊಲಿಯಬೇಕೆಂದು ವೈನಿ ಹಟ ಹಿಡಿದರು. ನಾನು ನಂದಾಗೆ ತಿಳಿಸಿದೆ.

"ಸೀರಿ ಹೊರಗ ಕಳಸಂಗಿಲ್ಲಂದ್ರ ನಾನ ಬರತೇನಿ" ಎಂದಳು. "ಬೆಳಕಿನ್ಯಾಗ ಹಿಡದು ನನ್ನ ಫೋನ್‌ದಾಗ ಒಂದು ಫೋಟೋ ತಕ್ಕೊಂಡು ಹೊಕ್ಕೇನಿ. ಹಸಿರು ಭಾಳ ಮೋಸದ ಬಣ್ಣ ಲೇ. ಕೆಂಪಿನಂಗ ಅಲ್ಲದು."

ನಾನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಸೀರಿ ದೇವರ ಮನ್ಯಾಗ ಐತಿ ನಂದಾ. ನೀ ಬಂದ್ರ... ನಮ್ಮ ಆಯಿ ಗೊತ್ತಲ್ಲ ನಿನಗ."

ಆಯಿ ಎಂದರೆ ನನ್ನ ಅಜ್ಜಿ. ಆಯಿ ಹಾಗೆ ಹೇಳಿರಲಿಲ್ಲ. ನಂದಾ ಬರಬಾರದೆಂದು, ಅವಳ ನೆರಳು ದೇವರ ಮನೆಯ ಬಾಗಿಲಿಗೆ ಬೀಳಬಾರದೆಂದು ಆಯಿ ಎಂದೂ ಹೇಳಿರಲಿಲ್ಲ. ಹಿಂದಿನ ಕಾಲದಲ್ಲಿ ಹೇಳಿರಬಹುದೇನೋ — ನನಗೆ ತಿಳಿಯದು, ನಾನು ಕೇಳಿಯೂ ಇಲ್ಲ. ಅಂದು ಮಾತ್ರ ಅದು ನನ್ನ ಸೃಷ್ಟಿ. ಧಾರವಾಡದಲ್ಲಿ ಯಾವುದರ ವಿರುದ್ಧ ಘೋಷಣೆ ಕೂಗಿ ಗಂಟಲು ಹರಿದುಕೊಂಡಿದ್ದೆನೋ ಅದನ್ನೇ ಕೈಗೆತ್ತಿಕೊಂಡು, ಓದು ಬರದ ಮುದುಕಿಯ ಹೆಸರು ಅಂಟಿಸಿ, ನನ್ನ ಗೆಳತಿಯ ಮುಖಕ್ಕೆ ಬಾಗಿಲು ಹಾಕಿದೆ. ಅವಳು ಮನೆಗೆ ಬರುವುದು ನನಗೆ ಬೇಡವಾಗಿತ್ತು. ಬಂದರೆ ಆ ಫೋನು ಬರುತ್ತಿತ್ತು, ಎಲ್ಲರೂ ಮತ್ತೆ ಅದರ ಸುತ್ತ ನೆರೆಯುತ್ತಿದ್ದರು. ಇಷ್ಟೇ. ಇಷ್ಟಕ್ಕೇ.

ಅವಳು, ಬೇರೆಯದೇ ದನಿಯಲ್ಲಿ, "ಹೌದಾ. ಹಂಗಿದ್ರ ನೀನ ತಗದು ಕಳಸು. ಬಿಸಲಾಗ ಬ್ಯಾಡ, ಟ್ಯೂಬ್‌ಲೈಟಿನ ಕೆಳಗೂ ಬ್ಯಾಡ. ಬಾಗಲ ಹತ್ತರ ಹಿಡಿ" ಎಂದಳು.

ನಾನು ದೇವರ ಮನೆಯೊಳಗೇ, ಟ್ಯೂಬ್‌ಲೈಟಿನ ಕೆಳಗೇ ತೆಗೆದೆ. ಮೊದಲಿಗೆ ಅದು ಬರೀ ಸೋಮಾರಿತನ. ಆದರೆ ಪರದೆಯ ಮೇಲೆ ಚಿತ್ರ ಮೂಡಿದಾಗ ನೋಡಿದೆ: ನನ್ನ ಫೋನು ತನ್ನ ರೂಢಿಯಂತೆ ಬಣ್ಣವನ್ನು ಚೆಂದ ಮಾಡಿತ್ತು. ಸೀರೆ ಗಿಳಿಹಸಿರು, ಚಿತ್ರದಲ್ಲಿದ್ದದ್ದು ನವಿಲಿನ ಕೊರಳಿನ, ಅರ್ಧ ನೀಲಿಯಾದ ಹಸಿರು. ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಫೋನು ಹಿಡಿದು ನಿಂತೆ. ಬಾಗಿಲು ನಾಲ್ಕು ಹೆಜ್ಜೆ ಆಚೆಗಿತ್ತು. ನಿಂತೆ — ಮತ್ತು ಒಂದು ಯೋಚನೆ ಬಂತು, ಬಂದಾಗ ಅದು ಯೋಚನೆಯಂತೆಯೂ ಇರಲಿಲ್ಲ, ಬಾಯಲ್ಲಿ ನೀರೂರಿದಂತಿತ್ತು. ಅಷ್ಟು ದೊಡ್ಡ ಫೋನು ಇಟ್ಟುಕೊಂಡವಳು ಎಲ್ಲರ ಎದುರು ಒಮ್ಮೆ ಎಡವಲಿ.

ಕಳಿಸಿದೆ. "ಇದ ಬಣ್ಣ ಅಲ್ಲೇನು?" ಎಂದು ಅವಳ ಸಂದೇಶ ಬಂತು.

"ಹೂಂ, ಇದ" ಎಂದು ಬರೆದೆ.

ಕುಬಸದ ದಿನ ಬೆಳಿಗ್ಗೆ ನಂದಾ ತಾನೇ ಕುಪ್ಪಸ ತಂದಳು. ಅಂಗಳದ ಹಂದರದ ಕೆಳಗೆ ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಉಳಿದವರಿಗೆ ಸ್ಟೀಲಿನ ಕಪ್ಪು, ಅವಳಿಗೆ ಕಾಗದದ ಕಪ್ಪು ಬಂತು. ಕೊಟ್ಟವರು ಯಾರೆಂದು ನಾನು ನೋಡಲಿಲ್ಲ; ಕಪ್ಪನ್ನು ನೋಡಿದೆ, ಸುಮ್ಮನಿದ್ದೆ. ಅವಳೂ ನೋಡಿದಳು. ದೇವರ ಮನೆಯ ಮಾತನ್ನು ಅದು ಖಾತ್ರಿಪಡಿಸಿದಂತೆ ಅವಳಿಗೆ ಅನ್ನಿಸಿರಬೇಕು.

ವೈನಿಗೆ ಸೀರೆ ಉಡಿಸುವ ಹೊತ್ತಿಗೆ ಪೊಟ್ಟಣ ಬಿಚ್ಚಿದರು. ಬೆನ್ನಿನ ಮೇಲೆ ತೊಟ್ಟಿಲು, ತೊಟ್ಟಿಲ ಹಗ್ಗಕ್ಕೆ ಮುತ್ತು, ತೋಳಿನ ತುಂಬ ಬಳ್ಳಿ — ಅಂಥ ಕೆಲಸವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಹೊಸ್ತಿಲ ಒಳಗಡೆಯೇ, ಅಂಗಳದವರಿಗೆಲ್ಲ ಕಾಣುವಂತೆ, ಅದನ್ನು ಸೀರೆಯ ಮೇಲೆ ಇಟ್ಟರು. ಹಸಿರಿನ ಮೇಲೆ ನೀಲಿ.

ಸವದತ್ತಿಯ ನಮ್ಮ ದೊಡ್ಡವ್ವನ ಬಾಯಿ ಮೊದಲೇ ಜೋರು. "ಏನವಾ ಹುಡಿಗೀ, ಅಷ್ಟ ಕಿಮ್ಮತ್ತಿನ ಫೋನ್ ಇಟ್ಟೀಯಂತ, ಹಸಿರು ಯಾವ್ದು ನೀಲಿ ಯಾವ್ದು ಹೇಳಲಿಲ್ಲೇನದು?"

ಹೆಂಗಸರು ನಕ್ಕರು. ನಂದಾ ನನ್ನತ್ತ ನೋಡಿದಳು. ಸಿಟ್ಟಿನ ನೋಟವಲ್ಲ, ನೀನು ಈಗ ಹೇಳುತ್ತೀಯಲ್ಲ ಎಂದು ಕಾಯುವ ನೋಟ. ನಾನು ಮಾತಾಡಿದೆ. ಮಾತಾಡುವುದು ನನಗೆ ಚೆನ್ನಾಗಿ ಬರುತ್ತದೆ.

"ನಾ ಕಳಿಸಿದ ಫೋಟೋ ಸರಿನ ಇತ್ತು."

ಅವಳು ಫೋನು ಎತ್ತಿಕೊಂಡಳು. ಆ ಫೋಟೋ ಅದರಲ್ಲೇ ಇತ್ತು. ತೋರಿಸಿದ್ದರೆ ನಾನು ಅಲ್ಲೇ ಮುಗಿಯುತ್ತಿದ್ದೆ. ಪರದೆ ನೋಡಿದಳು, ಬಾಗಿಲಲ್ಲಿ ಕೂತಿದ್ದ ಆಯಿಯನ್ನು ನೋಡಿದಳು, ಫೋನನ್ನು ಚೀಲದೊಳಗೆ ಇಟ್ಟುಬಿಟ್ಟಳು. ಏಕೆಂದು ನನಗೆ ತಕ್ಷಣ ತಿಳಿಯಿತು. ತೋರಿಸಿದರೆ ಮುಂದಿನ ಪ್ರಶ್ನೆ — ನೀನೇ ಬಂದು ಏಕೆ ನೋಡಲಿಲ್ಲ? ಅದಕ್ಕೆ ಉತ್ತರವನ್ನು, ಅಷ್ಟು ಜನರ ನಡುವೆ, ಆ ಮುದುಕಿಯ ಎದುರು, ಕೈಯಲ್ಲಿ ಕಾಗದದ ಕಪ್ಪು ಹಿಡಿದು, ಅವಳು ತನ್ನ ಬಾಯಿಂದ ಹೇಳಬೇಕಿತ್ತು. ಹೇಳಲಿಲ್ಲ. ನಾನು ಹೆಣೆದ ಸುಳ್ಳು ಅವಳನ್ನು ಹೊರಗಿಟ್ಟಿತ್ತು. ಈಗ ಅವಳ ಬಾಯಿಯನ್ನೂ ಕಟ್ಟಿತು.

ಪೆಟ್ಟಿಗೆಯಿಂದ ಯಾವುದೋ ಹಳೆಯ ಹಸಿರು ಕುಪ್ಪಸ ತೆಗೆದು ವೈನಿಗೆ ತೊಡಿಸಿದರು. ಹಿಂದಿನಿಂದ ಯಾರೋ ಅಂದರು: "ಇವರಿಗ್ಯಾಕ ಬೇಕಿತ್ತು ಅಂಥಾ ಫೋನು." ಇವರಿಗೆ — ಆ ಬಹುವಚನ ಗೌರವದ್ದಾಗಿರಲಿಲ್ಲ. ನನಗೆ ಕೇಳಿಸಿತು. ನನ್ನ ಅಂಕಣದ ಪ್ರಶ್ನೆಯೂ ಅದೇ ಆಗಿತ್ತಲ್ಲ, ಸ್ವಲ್ಪ ಒಳ್ಳೆಯ ಕನ್ನಡದಲ್ಲಿ.

ಇಷ್ಟಕ್ಕೆ ನಿಂತಿದ್ದರೆ — ನಿಲ್ಲಲಿಲ್ಲ. ಕುಬಸದ ಹಸಿರು ಕೆಟ್ಟರೆ ನಮ್ಮ ಹೆಂಗಸರು ಅದನ್ನು ಬರೀ ಬಟ್ಟೆಯ ತಪ್ಪೆಂದು ಬಿಡುವುದಿಲ್ಲ, ಶಕುನವೆನ್ನುತ್ತಾರೆ. ವೈನಿ ಸುಖವಾಗಿ ಹೆತ್ತರು, ಮಗು ಗುಂಡಗಿದೆ, ಅಂಬೆಗಾಲು ದಾಟಿ ಈಗ ಮನೆಯೆಲ್ಲ ಓಡಾಡುತ್ತದೆ. ಆದರೂ ಮಾತು ನಮ್ಮ ಬೀಗರ ಮನೆ ಮನೆಗೆ ನಡೆಯಿತು. ಕಿತ್ತೂರಿನವರು ಮದುವೆಯ ಕುಪ್ಪಸಗಳನ್ನು ಬೇರೆ ಕಡೆ ಕೊಟ್ಟರು. ಸವದತ್ತಿಯವರು ಕೊಟ್ಟದ್ದನ್ನು ವಾಪಸು ಪಡೆದರು. ಅವಳ ಹೆಸರು ಬಂದಲ್ಲೆಲ್ಲ "ಆ ನೀಲಿ ಮಾಡಿದಾಕಿನಾ?" ಎಂಬ ನಗೆ. ಆ ಸುಗ್ಗಿಯ ಮದುವೆಗಳು ಮುಗಿಯುವ ಮೊದಲೇ ನಂದಾ ಫೋನು ಮಾರಿದಳು. ಈಗ ಅವಳ ಹತ್ತಿರ ಇರುವುದು ನನ್ನಂಥದ್ದೇ ಒಂದು. ಅದರ ಬಣ್ಣವನ್ನು ಅವಳು ನಂಬುವುದಿಲ್ಲ. ಬರುವ ಒಂದೊಂದು ಕೆಲಸಕ್ಕೂ ದಾರದ ತುಣುಕುಗಳನ್ನು ಹಿಡಿದು, ಬಸ್ಸು ಹತ್ತಿ, ಆ ಮನೆಗೇ ಹೋಗಿ ಸೀರೆ ನೋಡಿ ಬರುತ್ತಾಳೆ. ಬೈಲಹೊಂಗಲದ ಬಸ್ಸಿನಲ್ಲಿ ನಾನು ಅವಳನ್ನು ಒಮ್ಮೆ ಕಂಡೆ. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ನಾನು ಮುಂದಿನ ಬಾಗಿಲಿನಿಂದ ಇಳಿದೆ.

ಅವಳು ಫೋನು ಮಾರಿದ ಸುದ್ದಿ ತಿಳಿದಾಗ ನನಗೇನನ್ನಿಸಿತು? ಮರುಕ ಎಂದು ಬರೆಯಲು ಕೈ ಹೋಗುತ್ತಿದೆ. ಅಲ್ಲ. ಮೊದಲು ಬಂದದ್ದು ನಿರಾಳ.

ಎರಡು ವರ್ಷ ಹೀಗೆಯೇ ಕಳೆದವು. ಮೊನ್ನೆ ನನ್ನ ತಂಗಿಯ ಮದುವೆ ಗೊತ್ತಾಯಿತು. ಊಟಕ್ಕೆ ಕೂತಾಗ ಕುಪ್ಪಸದ ಮಾತು ಬಂತು, ಆಯಿ ಅಂದಳು: "ಜಂಪರ್ ಆ ನಂದಾನ ಕಡೆನ ಹೊಲಸ್ರಿ. ಅಕಿ ಕೈಯಾಗಿನ ತೊಟ್ಟಲಾ ನನ್ನ ಕಣ್ಣಾಗ ಐತಿ ಇನ್ನೂ. ಈ ಸಲ ಅಕಿನ್ನ ಕರದು ಸೀರಿ ತೋರಸು, ಫೋಟೋ-ಗೀಟೋ ಬ್ಯಾಡ. ಹೋದ ಸಲ ಯಾಕ ಕರೀಲಿಲ್ಲ ನೀ?"

"ಅಕಿಗೆ ಪುರುಸೊತ್ತಿರಲಿಲ್ಲ ಆಯಿ" ಎಂದೆ. ಆ ಕ್ಷಣದಲ್ಲೂ ಇನ್ನೊಂದು ಸುಳ್ಳು.

ಮರುದಿನ ರಾಮದುರ್ಗಕ್ಕೆ ಹೋದೆ. ನಂದಾ ಚೌಕಟ್ಟಿನ ಮುಂದೆ ಕೂತಿದ್ದಳು. ನಿಂತೇ ಎಲ್ಲ ಹೇಳಿದೆ — ಟ್ಯೂಬ್‌ಲೈಟು, "ಹೂಂ, ಇದ" ಎಂದು ಬರೆದದ್ದು, ಅಂಗಳದಲ್ಲಿ ಆಡಿದ ಸುಳ್ಳು. ಅವಳು ಸೂಜಿ ನಿಲ್ಲಿಸಲಿಲ್ಲ.

"ಫೋಟೋದ್ದು ನನಗ ಅವತ್ತ ತಿಳದಿತ್ತಲೇ. ಸೀರಿ ನೋಡಿದ ಕೂಡ್ಲೆ ಗೊತ್ತಾತು, ನೀ ಬೇಕಂತ ಕಳಿಸಿದಿ ಅಂತ. ನಿನ್ನ ಹೊಟ್ಟಿಕಿಚ್ಚು ನನಗ ಹಾಸ್ಟೆಲ್‌ದಾಗಿಂದ ಗೊತ್ತೈತಿ."

"ಇನ್ನೊಂದೈತಿ" ಎಂದೆ. "ಆಯಿ ಹಂಗ ಅಂದಿರಲಿಲ್ಲ. ದೇವರ ಮನೀದು — ನಾನ ಅಂದಿದ್ದು."

ಈಗ ಸೂಜಿ ನಿಂತಿತು. ಅವಳು ಬೈದಿದ್ದರೆ ನಾನು ಆ ಬೈಗುಳವನ್ನು ಹೊತ್ತುಕೊಂಡು ಬರಬಹುದಿತ್ತು.

"ಎರಡ ವರ್ಷ ಆ ಮುದುಕಿನ್ನ ಬೈಕೋತ ಇದ್ದೇನಲೇ ನಾನು" ಎಂದಳು. "ನಮ್ಮಪ್ಪನ ಮುಂದ ಹೇಳಿ ಅತ್ತಿದ್ದೆ. ಸಂತ್ಯಾಗ ಒಮ್ಮೆ ನಿಮ್ಮ ಆಯಿ ಸಿಕ್ಕು, ಹೆಂಗದೀ ಮಗಳ ಅಂದಳು — ಮಾರಿ ತಿರುವಿಕೊಂಡು ಹ್ವಾದೆ. ಅದಕ್ಕೇನ್ ಮಾಡ್ತಿ ನೀ?"

ಬರೆಯುತ್ತೇನೆ ಎಂದೆ.

"ಬರಿ. ನನ್ನ ಹೆಸರು ಹಾಕಿ ಬರಿ, ಒಬ್ಬ ಹೆಣ್ಮಗಳು ಅನಬ್ಯಾಡ. ಆದ್ರ ನನ್ನ ಮುಂದ ಹೇಳಿ ಹಗುರ ಆಗಬ್ಯಾಡ. ಯಾರ ಮುಂದ ನನ್ನ ಕೆಡಿಸಿದಿ, ಅವರ ಮುಂದ ಹೋಗಿ ಹೇಳು." ಮತ್ತೆ ಬಟ್ಟೆಯತ್ತ ತಲೆ ಬಗ್ಗಿಸಿದಳು. ನನ್ನನ್ನು ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ತಂಗಿಯ ಕುಪ್ಪಸದ ಮಾತನ್ನು ನಾನು ಎತ್ತಲಿಲ್ಲ. ಎತ್ತುವ ಹಕ್ಕು ಇನ್ನೂ ಬಂದಿಲ್ಲ.

ವೈನಿಗೆ ಹೇಳಿದ್ದೇನೆ. ಅಂದಿನಿಂದ ಅವರು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾರೆ. ಸವದತ್ತಿಗೂ ಕಿತ್ತೂರಿಗೂ ಹೋಗುತ್ತೇನೆ. ಅಂದು ಅಂಗಳದಲ್ಲಿ ನಕ್ಕವರ ಮನೆಗಳಲ್ಲಿ ಕೂತು, ಆ ಹಸಿರು ನನ್ನದು ಎನ್ನುತ್ತೇನೆ. ಈ ಪತ್ರಿಕೆಯನ್ನು ಓದುವ ತಾಯಂದಿರೇ, ಅಕ್ಕಂದಿರೇ, ನೀವು ಅವಳಿಂದ ಕೆಲಸ ಹಿಂತೆಗೆದುಕೊಂಡದ್ದು ನನ್ನ ಮಾತನ್ನು ನಂಬಿ. ಅವಳ ಕಣ್ಣಾಗಲಿ ಕೈಯಾಗಲಿ ತಪ್ಪಿರಲಿಲ್ಲ.

ಆದರೆ ಇವೆಲ್ಲಕ್ಕೂ ಮೊದಲು ಇನ್ನೊಂದು ಕೆಲಸ ಉಳಿದಿದೆ. ಆಯಿಗೆ ಓದಲು ಬರುವುದಿಲ್ಲ. ಪತ್ರಿಕೆ ಮನೆಗೆ ಬಂದಾಗ ಮೊಮ್ಮಗಳ ಹೆಸರು ಎಲ್ಲಿದೆಯೆಂದು ಕೇಳುತ್ತಾಳೆ, ಅದರ ಮೇಲೆ ಬೆರಳಾಡಿಸುತ್ತಾಳೆ, ಮಡಚಿ ದಿಂಬಿನ ಕೆಳಗೆ ಇಡುತ್ತಾಳೆ. ಏನು ಬರೆದಿದ್ದೇನೆಂದು ಅವಳು ಎಂದೂ ಕೇಳಿಲ್ಲ. ಒಳ್ಳೆಯದನ್ನೇ ಬರೆದಿರುತ್ತೇನೆಂದು ನಂಬಿದ್ದಾಳೆ. ಈ ಬರಹ ಅಚ್ಚಿಗೆ ಹೋಗುವ ಮುನ್ನ, ಇಂದು ಸಂಜೆ, ಮನೆಯವರೆಲ್ಲ ನಡುಮನೆಯಲ್ಲಿ ಕೂತಾಗ, ಅವಳ ಎದುರು ಕೂತು ಇದನ್ನು ನಾನೇ ಓದಿ ಹೇಳುತ್ತೇನೆ. ಆಯಿಯ ಹೆಸರಿನಲ್ಲಿ ನಾನು ಹೇಳಿದ ಸುಳ್ಳಿನ ಸಾಲನ್ನೂ ಬಿಡದೆ.